ರಕ್ತ ಕುಡಿಯೋನ ಧಾರಾವಾಹಿ ಮತ್ತು ನನ್ನ ಹೆಂಡತಿ

ರಕ್ತ ಕುಡಿದು ಬದುಕೋ ಭೂತ ಯಾರ ಮನಿಗೂ ಬಂದದ್ದು ನಾ ಕೇಳಿಲ್ಲ. ನಮ್ಮ ಮನಿ ಟೀವಿಯಾಗ ಮಾತ್ರ ದಿನಾ ಸಂಜಿ ಏಳಕ್ಕ ಬರ್ತಿತ್ತು. ಬಂದ ಮ್ಯಾಲ ಇಂಥವು ಆಗೂವೇ.

೧. ಬಾಗಿಲದಾಗ

ನಾವು ಬೀದರ ಕಡೆಯವರು. ಹೊಟ್ಟಿಪಾಡಿಗೆ ಮರಾಠಿ ನಾಡಿಗೆ ಬಂದು ಸಂಭಾಜಿನಗರದ ಚಿಕಲಠಾಣಾದಾಗ ಎರಡು ಖೋಲಿ ಮನಿ ಮಾಡಿದ್ವಿ. ಹೆಂಡತಿಗೆ ಆ ಧಾರಾವಾಹಿ ಅಂದ್ರ ಜೀವ. ಬ್ಯಾರೆ ದೇಶದ್ದು, ಹಿಂದಿ ಮಾತು ಹಾಕಿದ್ರು. ಭೂತ ಅಂದ್ರ ಕೋಟು ಹಾಕ್ಕೊಂಡ ಚೆಂದನೆ ಹುಡುಗ. ಮನಿಯವರು ಒಳಗ ಬಾ ಅನ್ನೋತನಕ ಆತ ಹೊಸ್ತಿಲ ದಾಟಂಗಿಲ್ಲ.

ಒಂದಿನ ಆತ ಮಳ್ಯಾಗ ಬಾಗಿಲದಾಗ ನಿಂತಿದ್ದ. ಆತ ಮನಸ್ಸಿಟ್ಟ ಹುಡುಗಿ ಒಳಗ ಕರೀಲೇ ಇಲ್ಲ. ನಮ್ಮಾಕಿಗೆ ತಡೀಲಿಲ್ಲ.

"ಎಷ್ಟೊತ್ತ ನಿಂದ್ರಸ್ತಾಳ್ರಿ? ಬರ್ರಿ, ಕೂಡ್ರಿ ಅನ್ನಬಾರದಾ?"

ಆತ ರಕ್ತ ಕುಡೀತಾನ ಅಂದೆ.

"ಕುಡೀಲಿ. ಮೊದಲ ಚಾ ಕೇಳಬೇಕಲ್ಲ."

ಬಿಲ್ ಕಟ್ಟಿಲ್ಲಂತ ಲೈಟ್ ಕತ್ತರಿಸಾಕ ಬಂದಾತಗೂ ಚಾ ಕುಡಿಸೇ ಕಳಿಸಿದಾಕಿ.

೨. ಸೂಜಿ

ಶೇಂದ್ರಾದ ಫ್ಯಾಕ್ಟರ್ಯಾಗ ನಾ ಪ್ಯಾಕಿಂಗ್ ಕೆಲಸಕ್ಕಿದ್ದೆ. ಅಲ್ಲಿ ಒಂದಿನ ರಕ್ತದಾನದ ಕ್ಯಾಂಪ್ ಇಟ್ರು. ಸೂಜಿ ನೋಡಿದೆ, ಬಿದ್ದೆ. ಎದ್ದಾಗ ಕೈಯಾಗ ಬಿಸ್ಕೀಟು. ರಕ್ತ ಇನ್ನೂ ತಗೊಂಡೇ ಇರಲಿಲ್ಲ.

ಮನಿಗೆ ಬಂದು ಹೇಳಿದೆ. ನಗ್ತಾಳ ಅನಕೊಂಡೆ. ನಗಲಿಲ್ಲ.

"ಟೀವಿಯಾತ ಮೊದಲ ಕೈ ಹಿಡದು ನಾಕು ಚೆಂದ ಮಾತಾಡ್ತಾನ. ಇವರು ಸೀದಾ ಚುಚ್ತಾರ. ಬೀಳದ ಏನ ಮಾಡ್ತೀರಿ?"

ಜನ ಆ ಭೂತನ್ನ ನೋಡೋದು ಯಾಕ ಬಿಡಂಗಿಲ್ಲ ಅಂತ ಅವತ್ತು ತಿಳೀತು.

೩. ಕಡೀ ಭಾಗ

ಧಾರಾವಾಹಿ ಇನ್ನೂ ಮುಗಿದಿರಲಿಲ್ಲ. ನಮ್ಮಾಕಿ ತೀರಿ ಹೋದಳು. ದವಾಖಾನ್ಯಾಗ ಒಂದೇ ಮಾತು ಹೇಳಿದ್ದಳು. "ಆ ಹುಡುಗಿ ಆತನ ಸಂಗಾಟ ಹೋಗ್ತಾಳೋ ಇಲ್ಲೋ, ನೋಡಿ ನನಗ ಹೇಳ್ರಿ."

ವರ್ಷ ಆತು. ಟೀವಿ ಮುಂದ ಒಬ್ಬನೇ ಕೂಡಾಕ ಆಗಲಿಲ್ಲ. ಹೇಳೂದು ಉಳೀತು.

ನಾಸಿಕದಾಗ ಮಗಳ ಮನಿಗೆ ಹೋದಾಗ ಇದನ್ನ ಮೊಮ್ಮಗಳಿಗೆ ಅಂದೆ. ಹತ್ತು ವರ್ಷದಾಕಿ. ಕನ್ನಡ ತಿಳೀತದ, ಆಡೋದು ಅರ್ಧ ಮರಾಠಿ. ಮೊಬೈಲ್‌ನಾಗ ಕಡೀ ಭಾಗ ಹುಡುಕಿದಳು. ಇಬ್ಬರೂ ಕೂತು ನೋಡಿದೆವು. ಆತ ಹುಡುಗಿ ಕುತ್ತಿಗಿ ಕಚ್ಚಿದ. ಆಕಿನೂ ಅವನಂಗೇ ಆದಳು.

ಎದ್ದು ಗ್ವಾಡಿ ಮ್ಯಾಲಿನ ಹೆಂಡತಿ ಫೋಟೋದ ಮುಂದ ನಿಂತೆ. ಆ ಹುಡುಗಿ ಆತನ ಸಂಗಾಟ ಹೋದಳ ನೋಡು ಅಂದೆ. ಇನ್ನ ಇಬ್ಬರಿಗೂ ಸಾವಿಲ್ಲ, ಸಾವಿರ ವರ್ಷ ಕೂಡೇ ಇರ್ತಾರ ಅಂದೆ.

ಮೊಮ್ಮಗಳು ಹಿಂದ ನಿಂತು ವಿಚಾರ ಮಾಡಾಕತ್ತಿದ್ದಳು.

"ಮುತ್ಯಾ, ಸಾವಿರ ವರ್ಷ ಒಬ್ಬನೇ ಗಂಡ?"

"ಹೂಂ."

"ದಿನಾ ಅವನದೇ ಗೊರಕಿ?"

"ಹೌದವ್ವ."

ಆಕಿ ನನ್ನ ನೋಡಿದಳು. ಫೋಟೋ ನೋಡಿದಳು.

"ಹಂಗಾದ್ರ ಅಜ್ಜಿ ಹುಶಾರ್. ಲೌಕರ್, ಜಲ್ದಿ ಪಾರಾದಳು."

ಮಗಳು ಅಡಿಗಿ ಮನಿಯಿಂದ ಕೈ ಎತ್ತಿಕೊಂಡೇ ಬಂದಳು. ನಾ ಅಡ್ಡ ನಿಂತೆ.

"ಬಡೀಬ್ಯಾಡವ್ವ," ಅಂದೆ. "ಈ ಮಾತು ನಿಮ್ಮವ್ವಂದು."