ಸೋನಗಾಳಿಯ ಬಾಗಿಲೆಣಿಕೆ

ಕಾರಕೂನ ನಾಗಲಿಂಗಪ್ಪ ಬರೆಯುತ್ತಿದ್ದ ಟಾಕು ಕೈಜಾರಿ ಮೇಜಿನಡಿಗೆ ಉರುಳಿದ್ದೇ ಎಲ್ಲದಕ್ಕೂ ಮೂಲ. ಅವನು ಬಗ್ಗಿ, ಮೇಜಿನ ಕೆಳಗೆ ಹೊಕ್ಕು ತಡಕಾಡುತ್ತಿದ್ದ. ಮೇಲೆ ಕಚೇರಿಯ ಮುಖ್ಯಸ್ಥ ರಾವಸಾಹೇಬರು "ಸೋನಗಾಳಿಗೆ ಯಾರು ಹೋಗ್ತೀರಿ?" ಎಂದು ಕೇಳುವುದಕ್ಕೂ, ಟಾಕು ಸಿಕ್ಕ ನಾಗಲಿಂಗಪ್ಪ ಏಳಲು ಆಸರೆಗೆಂದು ಮೇಜಿನಂಚಿಗೆ ಕೈ ಎತ್ತುವುದಕ್ಕೂ ಸರಿಹೋಯಿತು.

"ಶಾಬ್ಬಾಸ್ ನಾಗಲಿಂಗಪ್ಪ! ಇಡೀ ಕಚೇರ್ಯಾಗ ಗಂಡಸು ನೀವೊಬ್ಬರs ನೋಡ್ರಿ," ಎಂದರು ಸಾಹೇಬರು.

ಎದ್ದು ನಿಂತ ನಾಗಲಿಂಗಪ್ಪನಿಗೆ ತಾನು ಯಾವ ಗಂಡಸುತನ ತೋರಿಸಿದೆನೆಂದೇ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಹುಕುಂ ಟೈಪಾಗಿ ಬಂದಿತ್ತು.

ಸೋನಗಾಳಿ ಜೋಯಿಡಾ ಕಡೆಯ ಕಾಡಿನೊಳಗಿನ ಊರು. ಇಂಗ್ಲಿಷರ ಕಾಲಕ್ಕೆ ಅಲ್ಲಿಯ ಹಳ್ಳದ ಮರಳಿನಲ್ಲಿ ಯಾರೋ ಸಾಹೇಬನಿಗೆ ಹಳದಿ ಕಾಳೊಂದು ಸಿಕ್ಕಿತಂತೆ. ವರ್ಷ ತುಂಬುವುದರೊಳಗೆ ಸಾವಿರ ಜನ ಗುದ್ದಲಿ ಹೊತ್ತು ಬಂದರು. ಜಗಳ ತೀರಿಸಲು ಕೋರ್ಟು ಎದ್ದಿತು, ಕಳ್ಳರಿಗೆ ಲಾಕಪ್ಪು ಎದ್ದಿತು, ಬಂಗಾರ ಇಡಲು ಖಜಾನೆ, ಬಂಗಾರದ ಸುದ್ದಿ ಬರೆಯಲು ಟಪಾಲ ಕಚೇರಿ, ದೊರೆಗಳು ಕೂತು ಕುಡಿಯಲು ಕ್ಲಬ್ಬು. ಎಲ್ಲಾ ಬಂತು, ಬಂಗಾರ ಮಾತ್ರ ಬರಲಿಲ್ಲ. ಹತ್ತು ವರ್ಷ ನೆಲ ಕೆರೆದು ಗಣಿ ಕಂಪನಿ ಗಂಟುಮೂಟೆ ಕಟ್ಟಿತು. ಗದಗ ಕಡೆಯಿಂದ ಕೂಲಿಗೆ ಬಂದಿದ್ದ ಹತ್ತಾರು ಮನೆಯವರು ಮಾತ್ರ, ಎಲ್ಲಿಗೆ ಹೋಗುವುದೆಂದು ತೋಚದೆ, ಅಲ್ಲೇ ಉಳಿದರು.

ಈಗ ರಾಜ್ಯ ಒಂದಾಗಿ ಮೂರು ವರ್ಷವಾಗಿತ್ತು. ಮುಂಬಯಿಯಿಂದ ಬೆಂಗಳೂರಿಗೆ ಹೋದ ಕಾಗದದ ಗಂಟುಗಳಲ್ಲಿ ಈ ಐದು ಕಟ್ಟಡಗಳೂ ಸೇರಿದ್ದವು. ಅವು ನಿಂತಿವೆಯೋ ಬಿದ್ದಿವೆಯೋ, ಎಷ್ಟು ಬಾಗಿಲುಗಳಿವೆ ಎಂದು ಬೆಂಗಳೂರು ಕೇಳಿತ್ತು. "ಮೂವತ್ತು ವರ್ಷದ ಹಿಂದ ಎಣಸಾಕ ಚಾಲೂ ಮಾಡಿದ್ರಂತ. ಅರ್ಧಾಕ್ಕ ನಿಂತೈತಿ. ನೀವು ಪೂರಾ ಮಾಡ್ಕೊಂಡ ಬರ್ರಿ," ಎಂದರು ರಾವಸಾಹೇಬರು.

ಹೆಡ್ ಕ್ಲಾರ್ಕ್ ಶಿವಲಿಂಗಪ್ಪ ಅವನನ್ನು ಮೂಲೆಗೆ ಕರೆದು ದನಿ ತಗ್ಗಿಸಿದ. "ನಾಗಲಿಂಗಪ್ಪ, ಆ ಊರು ಚಲೋ ಅಲ್ಲ. ಹೆಸರಿನ್ಯಾಗs ಗಾಳಿ ಐತಿ. ಅಲ್ಲಿ ಯಾರರ ಕರದ್ರ ಗಪ್ಪನ ಓ ಅನ್ನಬ್ಯಾಡ. ಮೂರು ಸಲ ಕರದ್ರಷ್ಟs ಓ ಅನ್ನು. ದೆವ್ವಾ ಮೂರನೇ ಸಲ ಕರೆಯೂದಿಲ್ಲ."

"ನಾ ಅಂಥಾವೆಲ್ಲಾ ನಂಬೂದಿಲ್ರಿ," ಎಂದ ನಾಗಲಿಂಗಪ್ಪ. ಹೇಳಿದ ಮೇಲೆ ಎರಡು ತಂಬಿಗೆ ನೀರು ಕುಡಿದ.

ಭಾದ್ರಪದದ ಒಂದು ಮುಂಜಾನೆ, ಬಿದಿರು ತರಲು ದಾಂಡೇಲಿಯಿಂದ ಕಾಡಿಗೆ ಹೊರಟಿದ್ದ ಸುಭಾನಿಯ ಲಾರಿ ಹತ್ತಿದ. ಹನ್ನೊಂದು ಗಂಟೆಗೆ ಹಳ್ಳದ ದಂಡೆಯಲ್ಲಿ ಸುಭಾನಿ ಲಾರಿ ನಿಲ್ಲಿಸಿದ.

"ಇಳೀರಿ ಕಾರಕೂನ ಸಾಬ್. ಇಲ್ಲಿಂದ ನಡಕೋತ ಹೋಗ್ರಿ. ನಾಕಕ್ಕ ಇಲ್ಲೇ ಹಾರನ್ ಹೊಡೀತೇನಿ."

"ಊರತನಕ ಬಿಡಬಾರದೇನೋ ಸುಭಾನಿ?"

"ನನಗ ಐದು ಮಂದಿ ಮಕ್ಕಳದಾರ್ರಿ," ಎಂದು ಸುಭಾನಿ ಗೇರು ಹಾಕಿದ.

ಹಳ್ಳ ದಾಟಿದರೆ ಕಾಲುದಾರಿ. ಮಂಜು ಮೊಣಕಾಲ ಮಟ್ಟಕ್ಕೆ ಹಾಲು ಚೆಲ್ಲಿದಂತೆ ನಿಂತಿತ್ತು. ನಾಗಲಿಂಗಪ್ಪನಿಗೆ ತನ್ನ ಪಾದಗಳೇ ಕಾಣುತ್ತಿರಲಿಲ್ಲ. ಬೇರೆ ಯಾರದೋ ಕಾಲ ಮೇಲೆ ತಾನು ಕೂತು ಹೊರಟಂತಿತ್ತು. ದಾರಿ ಸಾಲು ಗೋರಿಗಳ ನಡುವೆ ಹಾಯ್ದಿತ್ತು. ಕಣ್ಣು ಮುಚ್ಚಿಕೊಂಡೇ ಅಷ್ಟೂ ದಾಟಿದ. ಕಣ್ಣು ತೆರೆದಾಗ ಎದುರಿಗೆ ಕೆಂಪುಕಲ್ಲಿನ ಕೋರ್ಟು. ನೆತ್ತಿಯ ಮೇಲಿನ ಎರಡು ಸಿಂಹಗಳಲ್ಲಿ ಒಂದಕ್ಕೆ ತಲೆಯಿರಲಿಲ್ಲ, ಇನ್ನೊಂದು ಅವನನ್ನೇ ನೋಡುತ್ತಿತ್ತು. ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕಸ ಗುಡಿಸುತ್ತಿದ್ದಳು.

"ಅವ್ವಾ, ಸೋನಗಾಳಿ ಇದs ಏನು?"

ಮುದುಕಿಯ ಕೈಯಿಂದ ಕಸಬರಿಗೆ ಬಿತ್ತು. ಅವಳು ಅವನ ಮುಖ ನೋಡಿದಳು, ಗೋರಿಗಳ ಕಡೆ ನೋಡಿದಳು, ಆಮೇಲೆ ಮಂಜಿನಲ್ಲಿ ಮುಳುಗಿದ್ದ ಅವನ ಪಾದಗಳಿದ್ದ ಕಡೆ ಕಣ್ಣು ನೆಟ್ಟಳು. "ನಿಮಗ ಗೊತ್ತಿಲ್ಲದ್ದೇನೈತ್ರಿ," ಎಂದಳು, ಗಾಳಿ ಹೋದ ತಿದಿಯಂಥ ದನಿಯಲ್ಲಿ.

"ಬರೂದು ತಡಾ ಆತು ನೋಡವಾ. ಬಾಗಲಾ ಎಣಿಸೂ ಕೆಲಸ ಅರ್ಧಾಕ್ಕ ನಿಂತಿತ್ತಲ್ಲಾ, ಅದನ್ನ ಮುಗಿಸಿ ಹೋಗ್ತೇನಿ."

ಮುದುಕಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ ಮಂಜಿನಲ್ಲಿ ಕರಗಿಹೋದಳು. ಕರಗುವ ಮುನ್ನ "ಕಾರಕೂನರ..." ಎಂದಳು. ಸ್ವಲ್ಪ ತಡೆದು ಮತ್ತೊಮ್ಮೆ "ಕಾರಕೂನರ..." ಎಂದಳು. ನಾಗಲಿಂಗಪ್ಪ ತುಟಿ ಬಿಗಿಹಿಡಿದು ಮೂರನೆಯ ಕರೆಗಾಗಿ ಕಾದ. ಅದು ಬರಲಿಲ್ಲ.

ಆದರೂ ಹುಕುಂ ಎಂದರೆ ಹುಕುಂ. ಕೋರ್ಟಿನೊಳಗೆ ಹೋದ. ನೆಲವೆಲ್ಲ ಸ್ವಚ್ಛವಾಗಿತ್ತು, ಕಟಕಟೆ ಮಿರುಗುತ್ತಿತ್ತು. ಮೇಜಿನ ಹಿಂದಿನ ಕುರ್ಚಿಯ ಸುತ್ತ ಮಾತ್ರ ಗೇಣುದ್ದ ಧೂಳು, ಅಲ್ಲಿಗೆ ಯಾರೂ ಕಾಲಿಟ್ಟ ಗುರುತಿಲ್ಲ. ಬೇರೆ ಆಸನವಿಲ್ಲದ್ದರಿಂದ ಅದರಲ್ಲೇ ಕೂತ. ಕುರ್ಚಿ ಮನುಷ್ಯನಂತೆ ನರಳಿತು. ಕಿಟಕಿಯಾಚೆ ಪಿಸುಮಾತು ಕೇಳಿಸಿತು.

"ಕುರ್ಚಿ ಮ್ಯಾಲೆ ಕುಂತೈತಿ!"

ನಾಗಲಿಂಗಪ್ಪ ಅಕ್ಕಪಕ್ಕ ನೋಡಿದ. ಕುಂತಿರುವುದು ಯಾವುದು? ಕುರ್ಚಿಯ ಮೇಲಂತೂ ತಾನೊಬ್ಬನೇ ಇದ್ದ. ಇನ್ನೊಂದು ಕೂತಿದ್ದರೆ ತನ್ನ ತೊಡೆಯ ಮೇಲೇ ಕೂತಿರಬೇಕು. ಚೇಳು ಕುಟುಕಿದವನಂತೆ ಎದ್ದ. ಕಿಟಕಿಯಲ್ಲಿ ಸಾಲಾಗಿ ತೂಗುತ್ತಿದ್ದ ಆರು ತಲೆಗಳು ಒಮ್ಮೆಗೇ ಮಾಯವಾದವು.

ಧೈರ್ಯಕ್ಕೆಂದು ಗಟ್ಟಿಯಾಗಿ ಎಣಿಸತೊಡಗಿದ. "ಒಂದೂ... ಎರಡೂ..." ಹೊರಗೆ ಯಾರೋ ಹೆಂಗಸು ಬಿಕ್ಕಿದಳು. ಕೋರ್ಟಿಗೆ ಹದಿನಾಲ್ಕು ಬಾಗಿಲು. ಅದನ್ನು ಬರೆದುಕೊಂಡು ಖಜಾನೆಯ ಕಡೆ ಹೊರಳಿದ.

"ಅದು ಈಗ ಖಜಾನಿ ಕಡೆ ಹೊಂಟೈತಿ," ಎಂದಿತು ಮಂಜು.

ನಾಗಲಿಂಗಪ್ಪ ಗಕ್ಕನೆ ನಿಂತ. ಖಜಾನೆ ಬಿಟ್ಟು ಟಪಾಲ ಕಚೇರಿಗೆ ಹೋಗುವುದೇ ಲೇಸೆಂದು ತಿರುಗಿದ.

"ಇಲ್ಲ ಇಲ್ಲ, ಟಪಾಲ ಕಡೆ ತಿರುಗಿತು!"

ಅವನ ಧೋತರದ ಚುಂಗು ಗಾಳಿಗೆ ಕಾಲಿಗೆ ಸುತ್ತಿಕೊಂಡಿತು. ಯಾರೋ ಹಿಡಿದರೆಂದು ಹಾರಿಬಿದ್ದ. ಅವನು ಓಡಿದರೆ ಅದೂ ಓಡುತ್ತಿತ್ತಂತೆ, ನಿಂತರೆ ನಿಲ್ಲುತ್ತಿತ್ತಂತೆ. ಒಮ್ಮೆ ಸೀನಿದ, "ಸೀನಿತು!" ಎಂದರು. ಸೀನುವ ದೆವ್ವವನ್ನು ಅವನು ಈತನಕ ಕೇಳಿರಲಿಲ್ಲ. ಹೆಗಲ ಮೇಲಿಂದ ಹಿಂದೆ ನೋಡುತ್ತ ನೋಡುತ್ತ ಕುತ್ತಿಗೆ ಹಿಡಿದುಕೊಂಡಿತು.

ಹಾಗೂ ಹೀಗೂ ಟಪಾಲ ಕಚೇರಿಯ ಐದು, ಖಜಾನೆಯ ಮೂರು ಬಾಗಿಲು ಮುಗಿಸಿದ. ಕ್ಲಬ್ಬಿನ ಮೆಟ್ಟಿಲ ಮೇಲೆ ಬಾಳೆಲೆಯಲ್ಲಿ ಮೊಸರನ್ನ ಬಡಿಸಿಟ್ಟಿತ್ತು. ಪಕ್ಕದಲ್ಲೊಂದು ನಿಂಬೆಹಣ್ಣು. ಹತ್ತಿರ ನರಪಿಳ್ಳೆಯಿಲ್ಲ. ಊರವರು ನಾಚಿಕೆಯ ಜನ, ಆದರೆ ಮರ್ಯಾದೆ ಬಲ್ಲವರು ಎಂದುಕೊಂಡ. ಹಸಿದಿದ್ದ, ನಿಂಬೆ ಹಿಂಡಿಕೊಂಡು ಒಂದಗುಳೂ ಬಿಡದೆ ಉಂಡ.

"ತಿಂತು!" ಎಂಬ ಚೀರಾಟ ಕೇಳಿ ಕೊನೆಯ ತುತ್ತು ಗಂಟಲಲ್ಲಿ ನಿಂತಿತು. ತನ್ನ ಎಲೆಯಲ್ಲೇ ಅದೂ ಉಂಡಿತೇ?

ಕ್ಲಬ್ಬಿಗೆ ಹತ್ತೊಂಬತ್ತು. ಕೂಡಿಸಿ ನಲವತ್ತೊಂದು ಎಂದು ಬರೆದುಕೊಂಡ. ಉಳಿದದ್ದು ಲಾಕಪ್ಪು. ಅದರ ಬಾಗಿಲಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಹಗಲಿನಲ್ಲೇ ಕಂದೀಲು ಹಿಡಿದು ನಿಂತಿದ್ದ. ಕಂಪನಿಯ ಕಾಲದ ಕಾವಲುಗಾರ ಮುದಕಪ್ಪ ತಾನೆಂದು ಹೇಳಿಕೊಂಡ. ಅವನ ಕಣ್ಣೂ ಮಂಜಿನಲ್ಲಿ ನಾಗಲಿಂಗಪ್ಪನ ಪಾದ ಹುಡುಕುತ್ತಿತ್ತು.

"ಒಳಗ ಹೋಗ್ರಿ ಯಪ್ಪಾ," ಎಂದ ಮುದಕಪ್ಪ, ಪಕ್ಕಕ್ಕೆ ಸರಿದು. "ಇದರ ಬಾಗಲಾ ಒಳಗಿಂದ ಕಾಣತೈತಿ. ಎಣಸ್ರಿ."

ನಾಗಲಿಂಗಪ್ಪ ಒಳಗೆ ಕಾಲಿಟ್ಟ. ಬಾವಲಿಯ ನಾತ, ಕಣ್ಣಿಗೆ ಚುಚ್ಚುವ ಕತ್ತಲೆ.

"ಒಳಗ ಹೋತು! ಬಾಗಲಾ ಹಾಕ್ರಿ!"

ಢಣ್ ಎಂದು ಕಬ್ಬಿಣದ ಬಾಗಿಲು ಮುಚ್ಚಿತು. ಅಗುಳಿ ಬಿತ್ತು. ನಾಗಲಿಂಗಪ್ಪನ ಎದೆಯೂ ಒಮ್ಮೆ ಬಿತ್ತು. ಇಡೀ ದಿನ ಬೆನ್ನುಹತ್ತಿದ ದೆವ್ವ ತನ್ನ ಜೊತೆಗೇ ಒಳಗೆ ಬಂದುಬಿಟ್ಟಿದೆ!

"ತಗೀರೋ! ನಾ ಒಳಗ ಇದ್ದೇನ್ರೋ!" ಎಂದು ಬಾಗಿಲು ಬಡಿದ.

"ಒಳಗs ಐತಿ. ಅದs ಹೇಳಾಕ್ಹತ್ತೈತಿ," ಎಂದು ಹೊರಗೆ ಸಮಾಧಾನದ ದನಿ ಕೇಳಿಸಿತು.

"ಏ ಮುದಕಪ್ಪಾ! ಅದನ್ನ ಇಟಗೋರಿ, ನನ್ನ ಬಿಡ್ರಿ!"

ಅವನು ಗೋಡೆಗೆ ಬೆನ್ನು ಹಚ್ಚಿ ನಿಂತ. ಹಿಂದಿನ ಗೋಡೆಯನ್ನು ಅತ್ತಿಯ ಬೇರು ಸೀಳಿದ್ದಲ್ಲಿ ಬೆಳಕಿನ ಬಿರುಕೊಂದು ಕಂಡಿತು. ಎರಡು ಕಲ್ಲು ಕಿತ್ತ, ತಲೆ ತೂರಿಸಿದ, ಹೊಟ್ಟೆ ಸಿಕ್ಕಿಕೊಂಡಿತು. ಉಂಡ ಮೊಸರನ್ನವನ್ನು ಬೈದುಕೊಳ್ಳುತ್ತ ಕಿತ್ತಾಡಿ ಹೊರಬಿದ್ದ. ಮೈಯೆಲ್ಲ ಸುಣ್ಣ, ತಲೆಯ ತುಂಬ ಜೇಡರ ಬಲೆ. ಕಟ್ಟಡ ಬಳಸಿ ಮುಂದೆ ಬಂದರೆ, ಇಡೀ ಊರು ಲಾಕಪ್ಪಿನ ಬಾಗಿಲಿಗೆ ಮುಖಮಾಡಿ ಕೈಮುಗಿದು ನಿಂತಿತ್ತು. ಅವನು ಹಿಂದಿನಿಂದ ಮುದಕಪ್ಪನ ಹೆಗಲು ಮುಟ್ಟಿ, "ಅಲ್ರೀ..." ಎಂದ.

ಆಮೇಲೆ ನಡೆದದ್ದು ಓಟ. ಮುದಕಪ್ಪ ಕಂದೀಲು ಬಿಸಾಡಿ ಓಡಿದ, ಕಸ ಗುಡಿಸುವ ಮುದುಕಿ ಜಿಂಕೆಯಂತೆ ಹಾರಿದಳು, ಊರಿಗೆ ಊರೇ ಹಳ್ಳದ ಕಡೆ ನುಗ್ಗಿತು. ಇಷ್ಟು ಜನ ಓಡುತ್ತಿದ್ದಾರೆಂದರೆ ದೆವ್ವ ಹಿಂದೆಯೇ ಬರುತ್ತಿರಬೇಕೆಂದು ನಾಗಲಿಂಗಪ್ಪನೂ ಅವರ ಬೆನ್ನಿಗೆ ಬಿದ್ದ. "ನನ್ನೊಬ್ಬನ್ನ ಬಿಟ್ಟು ಹೋಗಬ್ಯಾಡ್ರೋ, ನಾನೂ ಬರ್ತೇನಿ!" ಎಂದು ಅವನು ಕೂಗಿದಷ್ಟೂ ಅವರ ಓಟ ಜೋರಾಯಿತು. ಹಳ್ಳದಲ್ಲಿ ಅವರು ಎಡಕ್ಕೆ ಚದುರಿದರು. ಬಲಕ್ಕೆ ಸುಭಾನಿಯ ಹಾರನ್ ಕೇಳಿಸಿತು. ಸರಿಯಾಗಿ ನಾಲ್ಕು ಗಂಟೆ.

ಜ್ವರ ಬಂದು ನಾಗಲಿಂಗಪ್ಪ ಎರಡು ದಿನ ಮಲಗಿದ. ಮೂರನೆಯ ದಿನ ಐದು ಕಟ್ಟಡ, ನಲವತ್ತೊಂದು ಬಾಗಿಲು ಎಂದು ದುಂಡಗೆ ಬರೆದ ವರದಿಯನ್ನು ರಾವಸಾಹೇಬರ ಮುಂದಿಟ್ಟ. ಸಾಹೇಬರು ಅದನ್ನು ನೋಡದೆ ಇನ್ನೊಂದು ಕಾಗದ ಎತ್ತಿದರು.

"ನೀವು ಸೋನಗಾಳಿಗೆ ಹೋಗೇ ಇಲ್ಲಂತ?"

"ಹೋಗಿದ್ದೆರಿ ಸಾಹೇಬ್ರ!"

"ಊರವರ ಅರ್ಜಿ ಬಂದೈತಿ. ಪಕ್ಕದೂರಿನ ಮಾಸ್ತರರ ಕೈಲೆ ಬರಸ್ಯಾರ. ಕೇಳ್ರಿ: ಮೂವತ್ತು ವರ್ಷಗಳ ಹಿಂದೆ ಬಾಗಿಲು ಎಣಿಸುತ್ತ ಕುರ್ಚಿಯಲ್ಲೇ ಪ್ರಾಣ ಬಿಟ್ಟ, ನಮ್ಮ ಗೋರಿಸಾಲಿನಲ್ಲಿ ಹೂತ ಕಾರಕೂನ ಶೇಖಪ್ಪನವರ ದೆವ್ವವು ಹನ್ನೊಂದು ಗಂಟೆಗೆ ಗೋರಿಯ ಕಡೆಯಿಂದ ಎದ್ದು ಬಂತು. ಕಾರಕೂನರೇ ಎಂದು ಎರಡು ಸಲ ಕರೆದರೂ ಓ ಅನ್ನಲಿಲ್ಲ. ಉಳಿದ ಕೆಲಸ ಮುಗಿಸುತ್ತೇನೆಂದಿತು. ತನ್ನ ಕುರ್ಚಿಯಲ್ಲಿ ಕೂತಿತು. ಇಟ್ಟ ಎಡೆ ತಿಂದಿತು. ಕೂಡಿಹಾಕಿದರೆ ಗೋಡೆಯೊಳಗಿಂದ ಹಾದು ಬಂದು, ನಾನೂ ಬರ್ತೇನೆಂದು ಅಟ್ಟಿಸಿಕೊಂಡು ಬಂದಿತು. ಕೆಳಗ ನೋಡ್ರಿ, ನಲವತ್ತು ಹೆಬ್ಬಟ್ಟು. ಅಲ್ರೀ, ದೆವ್ವ ಬಂದಿದ್ದಕ್ಕ ನಲವತ್ತು ಸಾಕ್ಷಿ ಅದಾವ, ನೀವು ಹೋಗಿದ್ದಕ್ಕ ಒಂದೂ ಇಲ್ಲಲ್ಲಾ?"

ನಾಗಲಿಂಗಪ್ಪ ಮಂಜಿನಲ್ಲಿ ಕೇಳಿದ ಒಂದೊಂದು ಮಾತೂ ಮೆಲ್ಲಗೆ ತನ್ನ ಜಾಗಕ್ಕೆ ಬಂದು ಕೂತಿತು. ಉಳಿದಿದ್ದ ಜ್ವರವೂ ಒಂದು ಕ್ಷಣದಲ್ಲಿ ಇಳಿಯಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಾಹೇಬ್ರ, ಅದು ದೆವ್ವ ಅಲ್ರಿ, ಅದು ನಾನs! ಸುಭಾನಿನ್ನ ಕೇಳ್ರಿ, ನಾಕಕ್ಕ ಅವನ ಲಾರಿ ಹತ್ತೇನಿ!"

"ನಾಕಕ್ಕ?"

"ನಾಕಕ್ಕರಿ."

ರಾವಸಾಹೇಬರು ಕನ್ನಡಕ ಸರಿಪಡಿಸಿಕೊಂಡು ಕಾಗದದ ಹಿಂಬದಿ ತಿರುಗಿಸಿದರು. "ಹಂಗಾರ ಇದೇನು? ಸಂಜೆ ಆರಕ್ಕೆ ನಾವು ಅಂಜುತ್ತ ಊರಿಗೆ ಮರಳಿದಾಗ ಅದು ಮತ್ತೆ ಕೋರ್ಟಿನ ಕುರ್ಚಿಯಲ್ಲಿ ಕೂತಿತ್ತು. ಒಂದರಿಂದ ಮತ್ತೆ ಎಣಿಸಿತು. ಲಾಕಪ್ಪಿನದು ಬಿಟ್ಟಾರ ಎಂದು ನಕ್ಕಿತು. ನಲವತ್ತೆರಡು ಎಂದು ಹೇಳಿ ದೀಪ ಆರಿಸಿತು."

ನಾಗಲಿಂಗಪ್ಪನ ನಗು ಮುಖದ ಮೇಲೆಯೇ ಒಣಗಿತು. ಢಣ್ ಎಂದು ಮುಚ್ಚಿಕೊಂಡ ಆ ಕಬ್ಬಿಣದ ಬಾಗಿಲನ್ನು ಅವನು ನಿಜವಾಗಿಯೂ ಎಣಿಸಿರಲಿಲ್ಲ.

ಸಾಹೇಬರು ಎರಡೂ ಕಾಗದಗಳನ್ನು ಒಂದೇ ಗುಂಡುಸೂಜಿಗೆ ಚುಚ್ಚಿ ಅವನ ಕಡೆ ನೂಕಿದರು.

"ಸರಕಾರಕ್ಕ ಎರಡು ಎಣಿಕಿ ಕಳಸಾಕ ಬರೂದಿಲ್ಲ. ನಾಳೆ ಹೋಗ್ರಿ. ಇಬ್ಬರೂ ಕೂತು ತಾಳೆ ನೋಡಿ, ಇಬ್ಬರೂ ಸಹಿ ಮಾಡಿ ತರ್ರಿ."