ಲಿಂಗರಾಜು ಅವರ ವಾಲ್ವು ಪರೀಕ್ಷಾ ಕೇಂದ್ರ

ಗುತ್ತಲಿನ ಲಿಂಗರಾಜು ಅವರಿಗೆ ಮನೆಯಲ್ಲಿ ಬೆಲೆಯಿಲ್ಲ ಎಂಬ ಕೊರಗು ಹಳೆಯದು. ಮನೆಯಿಂದಲೇ ದೇಶವಿದೇಶಕ್ಕೆ ಮಾತಾಡುವ ಹ್ಯಾಮ್ ರೇಡಿಯೊ ಲೈಸೆನ್ಸು ಪಡೆದ ಈ ಮಹಾನುಭಾವರ ಮಾತನ್ನು ಬ್ರೆಜಿಲ್ಲಿನವನು ಕೇಳುತ್ತಿದ್ದ. ಅಡುಗೆಮನೆಯಲ್ಲಿದ್ದ ಹೆಂಡತಿ ನಾಗರತ್ನ ಮಾತ್ರ ಕೇಳುತ್ತಿರಲಿಲ್ಲ.

ಒಂದು ದಿನ ಗುಜರಿಯಿಂದ ಹಳೆಯ ಟ್ರಾನ್ಸ್‌ಮಿಟರಿನ ವಾಲ್ವು ತಂದರು. ಸೋರೆಕಾಯಿ ಗಾತ್ರದ ಗಾಜಿನ ಬುರುಡೆ. ಅದಕ್ಕೆ ಜೀವ ಇದೆಯೋ ಇಲ್ಲವೋ ನೋಡಲು ಉಗ್ರಾಣದ ಕೋಣೆಯಲ್ಲಿ 'ವಾಲ್ವು ಪರೀಕ್ಷಾ ಕೇಂದ್ರ' ಸ್ಥಾಪನೆಯಾಯಿತು. ಕೆಟ್ಟ ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರು, ಎರಡು ಮೀಟರು, ಎಲ್ಲವನ್ನೂ ಮುಚ್ಚಲು ತಗಡಿನ ಪೆಟ್ಟಿಗೆ. ಅಕ್ಕಿ, ರಾಗಿ, ಬೆಲ್ಲ ವರಾಂಡಕ್ಕೆ ಗಡಿಪಾರಾದವು.

"ಭಾನುವಾರದೊಳ್ಗೆ ಅದು ಕೆಲ್ಸ ಮಾಡ್ನಿಲ್ಲ ಅಂದ್ರೆ ಎಲ್ಲಾನೂ ಗುಜರಿಗೆ ಆಕ್ಬುಡಿ. ನನ್ ಕೋಣೆ ನಂಗೆ ಬೇಕು" ಎಂದರು ನಾಗರತ್ನ.

"ಮಾಡುದ್ರೆ?"

"ಮಾಡುದ್ರೆ ಕೋಣೆ ನಿಮ್ದೇ. ನಾನು ಒಳೀಕೆ ಕಾಲಿಡಾಕಿಲ್ಲ."

ಹಳೆಯ ವಾಲ್ವಿಗೆ ಒಮ್ಮೆಲೇ ಜೋರು ಕರೆಂಟು ಕೊಡಬಾರದು. ಮೊದಲು ಮೂರು ದಿನ ಒಳಗಿನ ತಂತಿಯನ್ನಷ್ಟೇ ಕೆಂಪಗೆ ಕಾಯಿಸಿಡಬೇಕು. ಲಿಂಗರಾಜು ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿ ಕಟ್ಟಿ ಕಾಯಿಸಿದರು. ಡಿಸೆಂಬರಿನ ಚಳಿಗೆ ಬೀದಿಯಲ್ಲಿ ಯಾರ ಮನೆಯ ಇಡ್ಲಿ ಹಿಟ್ಟೂ ಉಬ್ಬುತ್ತಿರಲಿಲ್ಲ (ಹೆಂಗಸರ ಮುಖ ಉಬ್ಬಿತ್ತು, ಆ ಮಾತು ಬೇರೆ). ನಾಗರತ್ನ ಬೆಚ್ಚಗಿದ್ದ ಪೆಟ್ಟಿಗೆಯ ಪಕ್ಕ ಹಿಟ್ಟಿನ ಪಾತ್ರೆ ಇಟ್ಟು ನೋಡಿದರು. ಬೆಳಿಗ್ಗೆ ಹಿಟ್ಟು ಮುಚ್ಚಳ ನೂಕಿಕೊಂಡು ಹೊರಗೆ ಬಂದಿತ್ತು! ಮಾರನೆಯ ದಿನ ಪಕ್ಕದ ಮನೆ ಇಂದ್ರಮ್ಮನ ಪಾತ್ರೆ ಬಂತು. ಮೂರನೆಯ ದಿನ ಒಟ್ಟು ಒಂಬತ್ತು ಪಾತ್ರೆ.

"ಇದು ಪ್ರಯೋಗಾಲಯ ಕಣಮ್ಮ!" ಲಿಂಗರಾಜು ಕೂಗಾಡಿದರು.

"ಊ ಕಣಣ್ಣ, ನಮ್ದೂ ಒಂದು ಪ್ರಯೋಗ ಆಗೋಗ್ಲಿ" ಎಂದು ಇಂದ್ರಮ್ಮ ಇನ್ನೊಂದು ಪಾತ್ರೆ ಇಟ್ಟರು.

ಭಾನುವಾರ ಮಳವಳ್ಳಿಯಿಂದ ಹ್ಯಾಮ್ ರೇಡಿಯೊದ ಹಿರಿಯ ಪುಟ್ಟಮಾದಯ್ಯ ತೀರ್ಪು ಕೊಡಲು ಬಸ್ಸಿನಲ್ಲಿ ಬಂದಿಳಿದರು. ಪಾತ್ರೆಗಳನ್ನು ಎತ್ತಿಸಿ, ಹೆಂಗಸರನ್ನು ಬಾಗಿಲಾಚೆ ನಿಲ್ಲಿಸಿ, ಜೋರು ಕರೆಂಟು ಕೊಟ್ಟರು. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

"ಸತ್ತೋಗದೆ ಕಣ್ಲಾ ಲಿಂಗ. ಸುಮ್ಕೆ ಬಿಸಿಯಾಯ್ತದೆ, ಚೂರೂ ಕೆಲ್ಸ ಮಾಡಾಕಿಲ್ಲ."

(ಮಾತು ವಾಲ್ವಿಗೋ ತಮಗೋ ಎಂದು ಲಿಂಗರಾಜು ಅವರಿಗೆ ಅನುಮಾನ.) ಅಳುವೇ ಬಂತು. ಆದರೂ ಕೊಟ್ಟ ಮಾತಿಗೆ ತಪ್ಪುವ ಗಂಡಸಲ್ಲ, ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಕೂತರು.

"ಮುಟ್ಟೀರಾ, ಉಸಾರು!" ನಾಗರತ್ನ ಅಡ್ಡ ನಿಂತರು.

"ಸತ್ತೋಗದೆ ಕಣೇ!"

"ಸತ್ರೆ ಸಾಯ್ಲಿ ಬುಡಿ. ಬಿಸಿಯಾಯ್ತದಲ್ಲ? ಇಲ್ಲೇ ಇರ್ಲಿ."

ಲಿಂಗರಾಜು ಅವರ ಎದೆ ಹಿಗ್ಗಿತು. ಕೊನೆಗೂ ಈ ಮನೆಯಲ್ಲಿ ವಿಜ್ಞಾನ ಗೆದ್ದಿತು! "ಅಂಗಾರೆ ಕೋಣೆ ನಂದೇ ಅನ್ನು."

"ಕೋಣೆ ಪೆಟ್ಟಿಗೇದು. ನೀವು ಸ್ವಿಚ್ ಆಕ್ಬುಟ್ಟು ಈಚೀಕ್ ಬನ್ನಿ. ಗಳಿಗೆಗೊಂದ್ ಸಲ ಬಾಗ್ಲು ತಗುದ್ರೆ ಕಾವು ಓಯ್ತದೆ."

ಮರುದಿನ ಸಂಜೆ ಲಿಂಗರಾಜು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಂಪೌಂಡಿನಾಚೆಯಿಂದ ಇಂದ್ರಮ್ಮ ಕೂಗಿದರು: "ಅಣ್ಣಾ, ಇವತ್ತು ದೋಸೆ ಹಿಟ್ಟು, ವಸಿ ಬೇಗ್ನೆ ಆಕ್ಬುಡಿ!"

ಲಿಂಗರಾಜು ಎದ್ದು ಹೋಗಿ ಸ್ವಿಚ್ ಹಾಕಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬಂದರು.