ಕಂಡಕ್ಟರನ ಐದು ಬೆರಳು

— ಆಗೂದಿಲ್ಲ ಯವ್ವಾ. ಕೈ ತುಂಬೇತಿ.

— ಬಾಯಿಲೆ ಹೇಳೂ ಮಾತಿಗೆ ಕೈ ಯಾಕ ತುಂಬತೈತೋ ತಮ್ಮಾ?

ಹಾನಗಲ್ ಸ್ಟ್ಯಾಂಡಿನಲ್ಲಿ, ತಿಳವಳ್ಳಿಯಿಂದ ಬಂದು ಮತ್ತೆ ಅಲ್ಲಿಗೇ ಹೊರಟ ಬಸ್ಸಿನ ಬಾಗಿಲಿಗೆ ಸುಶೀಲವ್ವ ಅಡ್ಡ ನಿಂತಿದ್ದಳು. ಮನೆಗೆ ಬೀಗ ಒತ್ತಿ ಮಗಳೊಂದಿಗೆ ಸಂತೆಗೆ ಹೋಗಿ ಬಂದ ಮೇಲೆ ಅವಳಿಗೆ ನೆನಪಾಗಿತ್ತು, ಕೀಲಿ ಗಂಡನ ಅಂಗಿಯ ಕಿಸೆಯಲ್ಲಿದೆ, ಅಂಗಿ ಗಂಡನ ಮೈಮೇಲಿದೆ, ಗಂಡ ನಿನ್ನೆಯಿಂದ ತಿಳವಳ್ಳಿಯ ಅಕ್ಕನ ಮನೆಯಲ್ಲಿದ್ದಾನೆ. ಅಷ್ಟರಲ್ಲಿ ಹೆಣ್ಣು ನೋಡಲು ಶಿಗ್ಗಾವಿಯವರು ಬಂದು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿಯೂ ಅದೇ ಕಟ್ಟೆಯ ಮೇಲೆ ಕೂತಿದ್ದರಿಂದ, ಉಪ್ಪಿಟ್ಟಿಲ್ಲದೆ ನೋಡುವ ಶಾಸ್ತ್ರ ತನ್ನಷ್ಟಕ್ಕೆ ತಾನೇ ಮುಗಿಯುತ್ತ ಬಂದಿತ್ತು.

ಈ ರೂಟಿಗೆ ಹೊಸಬನಾದ ಕಂಡಕ್ಟರ್ ಮಹಮ್ಮದಗೌಸನಿಗೆ ಒಂದು ಪದ್ಧತಿಯಿತ್ತು. ಎಡಗೈ ಟಿಕೀಟಿಗೆ, ಬಲಗೈ ಊರವರ ನಿರೋಪಕ್ಕೆ. ಯಾರಾದರೂ ಮಾತು ಹೇಳಿ ಕಳಿಸಿದರೆ ಒಂದು ಬೆರಳು ಮಡಚುತ್ತಿದ್ದ, ಮುಟ್ಟಿಸಿದ ಮೇಲೆ ಬಿಚ್ಚುತ್ತಿದ್ದ. ಈಗ ಐದೂ ಮಡಚಿ, ಹೊಡೆಯಲು ಬಂದವನ ಹಾಗೆ ನಿಂತಿದ್ದ.

— ಆರನೇದು ಹಾಕಿದ್ರ ಮೊದಲನೇದು ಉದುರತೈತ್ರಿ. ಹೆಬ್ಬೆರಳಿಂದು. ಅದು ರೂಲು.

ಉಳಿದ ಬೆರಳುಗಳಲ್ಲಿ ಏನೇನಿದೆ ಎಂದು ಅವಳು ವಿಚಾರಣೆ ಮಾಡಿದಳು. ತೋರುಬೆರಳಿನಲ್ಲಿ ಶಂಕ್ರಪ್ಪನ ಎಮ್ಮೆ ಈದ ಸುದ್ದಿ ಇತ್ತು.

— ಅದನ್ನ ಉದುರಸು. ನಾಳೆ ಹೇಳಿದ್ರೂ ಎಮ್ಮಿ ಈದದ್ದು ಈದೇ ಇರತೈತಿ.

— ನಾ ಆರಸಾಂವ ಅಲ್ಲ ಯವ್ವಾ, ಒಯ್ಯಾಂವ.

— ಒಂದು ಬೆರಳಿಗೆ ಎರಡು ಹಾಕು.

— ಸವಣೂರ ಲೈನಿನ್ಯಾಗ ಹಾಕಿದ್ದೆ. ಒಬ್ಬರ ಎಮ್ಮೀ ನೋಡಾಕ ವರ ಬಂದ. ಇನ್ನೊಬ್ಬರ ಮಗಳನ್ನ ನೋಡಾಕ ದನದ ಡಾಕ್ಟರ್ ಬಂದ್ರು.

ಸುಶೀಲವ್ವ ಒಂದು ಹೆಜ್ಜೆ ಹತ್ತಿರ ಬಂದಳು.

— ಡಾಕ್ಟರಗ ಮದಿವಿ ಆಗಿತ್ತೇನು?

— ಆಗಿತ್ರಿ.

— ಹಂಗಾರ ಕಾಲಬೆರಳಿಗೆ ಹಾಕು.

— ಚಪ್ಪಲಿ ಹಾಕ್ಕೊಂಡೇನ್ರಿ.

ಡ್ರೈವರ್ ಚೌಡಪ್ಪ ಹಾರ್ನ್ ಬಾರಿಸಿದ. ಸುಶೀಲವ್ವನ ಧರ್ಮಬುದ್ಧಿ ಅಲ್ಲಿಗೆ ಮುಗಿಯಿತು.

— ಹೆಬ್ಬೆರಳಿಂದು ಯಾರದರ ಇರಲಿ, ಉದುರಸು. ಅವರ ಹಣೆಬರಾ. ಕೀಲಿ ತಗೊಂಡು ಲಗೂನ ಬರ್ರಿ ಅಂತ ನಮ್ಮ ಮನಿಯವರಿಗೆ ಹೇಳು.

— ಹೆಸರೇನ್ರಿ ಅವರದು?

ಗಂಡನ ಹೆಸರನ್ನು ಅವಳು ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದೇ ಮೊದಲು, ಅದೇ ಕೊನೆ.

— ಸಿದ್ದವ್ವನ ತಮ್ಮ ಅನ್ನು, ಸಾಕು.

ಮಹಮ್ಮದಗೌಸ ಹೆಬ್ಬೆರಳು ಬಿಚ್ಚಿ, ನೀರು ಕೊಡವಿದ ಹಾಗೆ ಕೊಡವಿ, ಮತ್ತೆ ಮಡಚಿದ.

— ಬಿತ್ತು.

ಕೆಲಸವಾದ ಮೇಲೆ ಅವಳಿಗೆ ಕನಿಕರ ಬಂತು.

— ಪಾಪ, ಯಾರಿಗೆ ಬಂದದ್ದಿತ್ತೋ ಅದು?

— ಹಾನಗಲ್ಲಿಗೇ ಬಂದದ್ದು. ಅಜ್ಜಪ್ಪ ಅನ್ನಾವ್ರ ಮನ್ಯಾಕಿಗಂತ. ಬಸ್ ಇಳದ ಕೂಡಲೇ ಒದರಿದೆ, ಯಾರೂ ಬರಲಿಲ್ಲ.

ಸುಶೀಲವ್ವ ಸೆರಗು ಗಟ್ಟಿಯಾಗಿ ಹಿಡಿದಳು.

— ಏನಂತಿತ್ತು?

— ಬಿದ್ದದ್ದು ನನಗ ನೆನಪಿರೂದಿಲ್ರಿ. ಬಿದ್ದದ್ದೆಲ್ಲಾ ಚೌಡಪ್ಪ ಕಾಕಾ ಆರಿಸಿಕೋತಾನ.

ಚೌಡಪ್ಪ ಗೇರು ಹಾಕಿ, ಕಿಟಕಿಯಿಂದ ತಲೆ ಹೊರಗಿಟ್ಟ.

— ತಿಳವಳ್ಳಿ ಸಿದ್ದವ್ವ ಹೇಳ್ಯಾಳ. ನನ್ನ ತಮ್ಮ ಅಜ್ಜಪ್ಪ ಬಸ್ ಹತ್ತಿದ್ರ ಹೆಣ ಬಿದ್ದಂಗ ಮಲಗತಾನ. ಹಿಂದಿನ ಸೀಟಿನ್ಯಾಗ ಅದಾನ, ಹಾನಗಲ್ಲದಾಗ ಎಬ್ಬಿಸಿ ಇಳಿಸಿಕೋ ಅಂತ.

ಬಸ್ಸು ಹೊರಟೇ ಬಿಟ್ಟಿತು. ಸುಶೀಲವ್ವ ತಗಡು ಬಡಿಯುತ್ತ ಓಡಿದಳು. ಹಿಂದಿನ ಕಿಟಕಿಯಲ್ಲಿ ಗಂಡನ ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು, ಕಿಸೆಯಿಂದ ಕೀಲಿಯ ದಾರ ಜೋತಾಡುತ್ತಿತ್ತು. ಹೆಸರು ಅವಳ ನಾಲಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

— ರೀ...

ಬಸ್ಸಿನಲ್ಲಿದ್ದ ಮದುವೆಯಾದ ಗಂಡಸರೆಲ್ಲ ತಿರುಗಿ ನೋಡಿದರು, ಒಬ್ಬನನ್ನು ಬಿಟ್ಟು.

ಬಾಗಿಲಲ್ಲಿ ಜೋತುಬಿದ್ದ ಮಹಮ್ಮದಗೌಸ ಮುಷ್ಟಿಯನ್ನು ಎತ್ತಿ ತೋರಿಸಿದ.

— ಓಡಬ್ಯಾಡ್ರಿ ಯವ್ವಾ. ನಿಮ್ಮ ಮಾತು ಗಟ್ಟಿ ಹಿಡಿದೇನಿ. ತಿಳವಳ್ಳಿ ಮುಟ್ಟಿದ ಕೂಡಲೇ ಹೇಳ್ತೇನಿ.